ಟಿ.ಬಿ. ರೋಗಾಣುವಿನ ಮೇಣದ ಹೊದಿಕೆ ಮತ್ತು ನಮ್ಮ ದೇಹದ ಕಾವಲು



ಚಿತ್ತಾಪುರ ತಾಲೂಕಿನ ಒಂದು ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಒಬ್ಬ ತಾಯಿ ಕೇಳಿದರು: "ಸಿಸ್ಟರ್, ನನ್ನ ಮಗಳಿಗೆ ಹುಟ್ಟಿದಾಗ ತೋಳಿಗೆ ಸೂಜಿ ಹಾಕಿಸೀನಿ. ಕಲೆ ಇನ್ನೂ ಅದ. ಆದ್ರೂ ಟಿ.ಬಿ. ಹ್ಯಾಂಗ ಬಂತ್ರಿ?" ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬರು ಅದಕ್ಕೇ ಸೇರಿಸಿದರು: "ನಮ್ಮ ಮನ್ಯಾಗ ಎರಡು ತಿಂಗಳು ಗುಳಿಗಿ ನುಂಗಿ ಕೆಮ್ಮು ನಿಂತದ, ತೂಕನೂ ಬಂದದ. ಇನ್ನೂ ನಾಕು ತಿಂಗಳು ಯಾಕ ನುಂಗಬೇಕು?"

"ಡಾಕ್ಟರು ಹೇಳ್ಯಾರ, ನುಂಗ್ರಿ" ಎಂದು ಹೇಳಿ ನಾನು ಬಸ್ಸು ಹಿಡಿಯಬಹುದಿತ್ತು. ಆದರೆ ಹಿಂದೆ ಒಮ್ಮೆ ಹಾಗೆ ಮಾಡಿ ತಪ್ಪು ಮಾಡಿದ್ದೇನೆ. ಶಹಾಬಾದ-ವಾಡಿ ಕಡೆಯ ಒಬ್ಬ ಸದಸ್ಯೆ, ಹೆಸರು ಬೇಡ, ಪರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕಡೆ ಕೂಲಿಗೆ ಹೋಗುತ್ತಿದ್ದರು. ಟಿ.ಬಿ. ಬಂತು, ಗುಳಿಗೆ ಶುರುವಾಯಿತು. ಎರಡು ತಿಂಗಳಿಗೆ ಆರಾಮ ಅನ್ನಿಸಿತು, ಬಿಟ್ಟುಬಿಟ್ಟರು. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಓಣಿಯವರಿಗೆ ಗೊತ್ತಾದರೆ ಕೆಲಸಕ್ಕೆ ಕರೆಯುವುದಿಲ್ಲ ಎಂಬುದು ಅವರ ಚಿಂತೆ. ನಾನು ಹೋಗಿ ಚೆನ್ನಾಗಿ ಬೈದು ಬಂದೆ. ವರ್ಷ ಕಳೆಯುವುದರೊಳಗೆ ಮತ್ತೆ ಕೆಮ್ಮು ಬಂತು, ಈ ಸಲ ಮೊದಲಿನ ಗುಳಿಗೆಗೆ ರೋಗಾಣು ಜಗ್ಗಲಿಲ್ಲ. ಬೇರೆ ಔಷಧಿ, ಬಹಳ ದೀರ್ಘ ಚಿಕಿತ್ಸೆ. ಬದುಕಿದರು, ಆದರೆ ಒಂದು ಕೊಡ ನೀರು ಹೊತ್ತರೆ ದಮ್ಮು ಹತ್ತುತ್ತದೆ. ಒಂದು ದಿನ ಅವರು ನನಗೆ ಹೇಳಿದ ಮಾತು ಇದು: "ನೀವು ಬೈದ್ರಿ ಸಿಸ್ಟರ್. ಯಾಕ ನುಂಗಬೇಕು ಅಂತ ಹೇಳಲಿಲ್ಲ."

ಈ ಪಾಠ ಆ 'ಯಾಕೆ'ಗೆ ಉತ್ತರ. ಸ್ವಲ್ಪ ಉದ್ದ ಇದೆ. ಓದಲು ಬರುವ ಒಬ್ಬರು ಗಟ್ಟಿಯಾಗಿ ಓದಲಿ, ಒಂದೇ ಸಭೆಯಲ್ಲಿ ಮುಗಿಯದಿದ್ದರೆ ಎರಡು ಸಭೆಗೆ ಹಂಚಿಕೊಳ್ಳಿ.

ಜಿಡ್ಡಿನ ಹೊದಿಕೆ

ಎಣ್ಣೆ ಹಚ್ಚಿದ ಕೈ ಮೇಲೆ ನೀರು ಹಾಕಿದರೆ ಏನಾಗುತ್ತದೆ? ಹನಿ ಹನಿಯಾಗಿ ಉರುಳಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಟಿ.ಬಿ. ರೋಗಾಣು ಇಂಥ ಒಂದು ಜಿಡ್ಡಿನ ಕೋಟು ಹಾಕಿಕೊಂಡೇ ಹುಟ್ಟುತ್ತದೆ. ಎಣ್ಣೆಯಷ್ಟು ತೆಳುವಲ್ಲ, ಮೇಣದಂತೆ ಗಟ್ಟಿ. ಜಿಡ್ಡು ಎಂದರೆ ಇಂಗಾಲದ ಕಣಗಳನ್ನು ಮಣಿಯಂತೆ ಪೋಣಿಸಿದ ಸರ ಎಂದು ತಿಳಿಯಿರಿ. ನಾವು ಒಗ್ಗರಣೆಗೆ ಹಾಕುವ ಕುಸುಬಿ ಎಣ್ಣೆ, ಶೇಂಗಾ ಎಣ್ಣೆಯ ಸರದಲ್ಲಿ ಹೆಚ್ಚಾಗಿ 16 ಅಥವಾ 18 ಮಣಿ ಇರುತ್ತವೆ. ಟಿ.ಬಿ. ರೋಗಾಣುವಿನ ಮೇಣದಲ್ಲಿ 70ರಿಂದ 90 ಮಣಿ! ಇದಕ್ಕೆ ಮೈಕೋಲಿಕ್ ಆಮ್ಲ ಎಂದು ಹೆಸರು. ಅಷ್ಟು ಉದ್ದದ ಸರಗಳು ಒತ್ತೊತ್ತಾಗಿ ನಿಂತು ಗೋಡೆಯಾಗುತ್ತವೆ. ಔಷಧಿ ಸುಲಭಕ್ಕೆ ಒಳಗೆ ಹೋಗುವುದಿಲ್ಲ, ನಮ್ಮ ದೇಹದ ಕಾವಲುಗಾರರು ನುಂಗಿದರೂ ಅದು ಜೀರ್ಣವಾಗುವುದಿಲ್ಲ.

ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯರು 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಈ ರೋಗಾಣುವನ್ನು ಲೋಕಕ್ಕೆ ತೋರಿಸಿದರು. ಅದಕ್ಕೇ ಪ್ರತಿ ವರ್ಷ ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ಅಲ್ಲಿಯವರೆಗೆ ಇದು ಕಣ್ಣಿಗೆ ಬೀಳದಿರಲು ಒಂದು ಕಾರಣ ಈ ಮೇಣವೇ. ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದರೆ ರೋಗಾಣುವಿಗೆ ಬಣ್ಣ ಹಿಡಿಯಬೇಕು, ಇದಕ್ಕೆ ಬಣ್ಣವೇ ಹಿಡಿಯುತ್ತಿರಲಿಲ್ಲ. ಆಮೇಲೆ ಸುಧಾರಿಸಿದ ವಿಧಾನ ಕೇಳಿ, ಅಡುಗೆ ಮಾಡುವವರಿಗೆ ಬೇಗ ತಿಳಿಯುತ್ತದೆ. ಕಫವನ್ನು ಗಾಜಿನ ಪಟ್ಟಿಗೆ ಸವರಿ, ಕೆಂಪು ಬಣ್ಣ ಹಾಕಿ, ಕೆಳಗಿನಿಂದ ಬಿಸಿ ಮಾಡುತ್ತಾರೆ. ಬಿಸಿಗೆ ಮೇಣ ಸಡಿಲಾಗಿ ಬಣ್ಣ ಒಳಗೆ ಹೋಗುತ್ತದೆ, ತಣ್ಣಗಾದ ಮೇಲೆ ಮೇಣ ಮತ್ತೆ ಬಿಗಿಯಾಗುತ್ತದೆ. ಈಗ ಆಸಿಡ್ ಹಾಕಿ ತೊಳೆದರೆ ಬೇರೆ ರೋಗಾಣುಗಳ ಬಣ್ಣವೆಲ್ಲ ಹೋಗುತ್ತದೆ, ಟಿ.ಬಿ.ಯದ್ದು ಹೋಗುವುದಿಲ್ಲ. ಕೆಂಪು ಕಡ್ಡಿಗಳಂತೆ ಕಾಣುತ್ತದೆ. ಅಂದರೆ ಅದನ್ನು ಬಚ್ಚಿಟ್ಟ ಮೇಣವೇ ಅದನ್ನು ಹಿಡಿದುಕೊಟ್ಟಿತು. ಈ ಮಾತನ್ನು ನೆನಪಿಡಿ. ನಮ್ಮ ದೇಹವೂ ಹೆಚ್ಚುಕಡಿಮೆ ಇದೇ ಉಪಾಯ ಮಾಡುತ್ತದೆ.

ಕಾವಲು ಕೋಶ ಮತ್ತು ಟಿ ಕೋಶ

ಟಿ.ಬಿ. ಇರುವವರು ಕೆಮ್ಮಿದಾಗ ರೋಗಾಣು ಗಾಳಿಯಲ್ಲಿ ಬಂದು ನಮ್ಮ ಶ್ವಾಸಕೋಶ ಸೇರುತ್ತದೆ. ಅಲ್ಲಿ ಮೊದಲು ಸಿಗುವುದು ಭಕ್ಷಕ ಕೋಶ, ಸಿಕ್ಕಿದ್ದನ್ನು ನುಂಗಿ ಕರಗಿಸುವುದು ಅದರ ಕೆಲಸ. ಟಿ.ಬಿ. ರೋಗಾಣುವನ್ನೂ ನುಂಗುತ್ತದೆ, ಆದರೆ ಕರಗಿಸಲಾಗುವುದಿಲ್ಲ. ರೋಗಾಣು ಅದರ ಹೊಟ್ಟೆಯೊಳಗೇ ಮನೆ ಮಾಡುತ್ತದೆ. ಆಗ ಟಿ ಕೋಶಗಳ ಸಹಾಯ ಬೇಕು.

ಟಿ ಕೋಶಗಳು ರಕ್ತದ ಬಿಳಿ ಕಣಗಳ ಒಂದು ಜಾತಿ. ಎದೆಯ ಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ, ಅಲ್ಲಿ ತರಬೇತಿ ಪಡೆಯುವುದರಿಂದ 'ಟಿ' ಎಂಬ ಹೆಸರು. ಟಿ.ಬಿ.ಯ 'ಟಿ'ಗೂ ಇದಕ್ಕೂ ಸಂಬಂಧವಿಲ್ಲ. ಇವು ಬಲು ಚುರುಕು, ಆದರೆ ಒಂದು ಮಿತಿ ಇದೆ. ಇಡೀ ರೋಗಾಣು ಎದುರಿಗೆ ಬಂದರೂ ಗುರುತು ಹತ್ತುವುದಿಲ್ಲ. ಯಾರಾದರೂ ಅದರ ಚೂರೊಂದನ್ನು ಹಿಡಿದು ತೋರಿಸಬೇಕು. ನಮ್ಮ ಕಡೆ ತೊಗರಿ ಮಾರಲು ಹೋದಾಗ ವ್ಯಾಪಾರಿ ಚೀಲವನ್ನೆಲ್ಲ ಸುರಿದು ನೋಡುತ್ತಾನೆಯೇ? ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ನೋಡಿ ಬೆಲೆ ಹೇಳುತ್ತಾನೆ. ಹಾಗೆ ದೇಹದಲ್ಲಿ ಕೈಕಾಲು ಚಾಚಿದಂತಿರುವ ಕಾವಲು ಕೋಶಗಳಿವೆ. ಅವು ರೋಗಾಣುವಿನ ಚೂರನ್ನು ತಮ್ಮ ಮೈಮೇಲೆ, ಅಂಗೈಯಲ್ಲಿಟ್ಟಂತೆ, ಟಿ ಕೋಶಕ್ಕೆ ತೋರಿಸುತ್ತವೆ. ಲಕ್ಷಾಂತರ ಬಗೆಯ ಟಿ ಕೋಶಗಳಲ್ಲಿ ಯಾವುದಕ್ಕೆ ಆ ಚೂರು ಬೀಗಕ್ಕೆ ಕೀಲಿ ಕೂತಂತೆ ಕೂಡುತ್ತದೋ ಅದು ಎಚ್ಚರಗೊಳ್ಳುತ್ತದೆ. ಒಂದು ನೂರಾಗಿ, ನೂರು ಸಾವಿರವಾಗಿ ಹೊರಡುತ್ತದೆ.

ಬಹಳ ವರ್ಷ ವಿಜ್ಞಾನಿಗಳು ನಂಬಿದ್ದು ಏನೆಂದರೆ, ಟಿ ಕೋಶ ಗುರುತಿಸುವುದು ಪ್ರೋಟೀನಿನ ಚೂರನ್ನು ಮಾತ್ರ. ಅದನ್ನು ಹಿಡಿದು ತೋರಿಸಲು ಒಂದು ಬಗೆಯ ತಟ್ಟೆ ಇದೆ. ಆ ತಟ್ಟೆಯ ಆಕಾರ ಒಬ್ಬರದ್ದು ಇನ್ನೊಬ್ಬರಂತೆ ಇರುವುದಿಲ್ಲ. ಕಿಡ್ನಿ ಹಾಕುವಾಗ "ಮ್ಯಾಚ್ ಆಗಬೇಕು" ಎನ್ನುತ್ತಾರಲ್ಲ, ಅಲ್ಲಿ ಮುಖ್ಯವಾಗಿ ನೋಡುವುದು ಇದನ್ನೇ. ಆದರೆ ಜಿಡ್ಡು ಆ ತಟ್ಟೆಯಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಮೈತುಂಬ ಮೇಣ ಹೊತ್ತ ರೋಗಾಣುವಿನ ಮೇಣವನ್ನು ನಮ್ಮ ದೇಹ ನೋಡುವುದೇ ಇಲ್ಲವೇ?

ನೋಡುತ್ತದೆ ಎಂದು 1994ರಲ್ಲಿ ಗೊತ್ತಾಯಿತು. ಅಮೆರಿಕದ ಬಾಸ್ಟನ್ ನಗರದಲ್ಲಿ ಮೈಕೆಲ್ ಬ್ರೆನ್ನರ್, ಸ್ಟೀವನ್ ಪೋರ್ಸೆಲ್ಲಿ ಮತ್ತು ಅವರ ಜೊತೆಗಾರರು ಟಿ.ಬಿ. ರೋಗಾಣುವಿಗೆ ಪ್ರತಿಕ್ರಿಯೆ ತೋರುವ ಮನುಷ್ಯರ ಟಿ ಕೋಶಗಳನ್ನು ಪರೀಕ್ಷಿಸುತ್ತಿದ್ದರು. ಆ ಕೋಶಗಳನ್ನು ಎಬ್ಬಿಸುತ್ತಿದ್ದ ವಸ್ತು ಪ್ರೋಟೀನ್ ಆಗಿರಲಿಲ್ಲ. ಶುದ್ಧ ಮಾಡುತ್ತಾ ಹೋದಾಗ ಕೊನೆಗೆ ಉಳಿದದ್ದು ಅದೇ ಮೈಕೋಲಿಕ್ ಆಮ್ಲ, ಅದೇ ಮೇಣ! ಅದನ್ನು ಹಿಡಿದು ತೋರಿಸುತ್ತಿದ್ದದ್ದು ಸಿ.ಡಿ.1 ಎಂಬ ಬೇರೆಯೇ ಒಂದು ಅಂಗೈ. (ಹಾಡಿನ ಸಿ.ಡಿ. ಅಲ್ಲ ಮತ್ತೆ! ಕೋಶದ ಮೈಮೇಲಿನ ಒಂದು ಅಣುವಿನ ಹೆಸರು.) ಇದರಲ್ಲಿ ಎ, ಬಿ, ಸಿ, ಡಿ ಎಂದು ಬಗೆಗಳಿವೆ. ಮೈಕೋಲಿಕ್ ಆಮ್ಲವನ್ನು ಹಿಡಿಯುವುದು 'ಬಿ'.

ಲಂಗದ ಲಾಡಿಯ ಹಾಗೆ

ಜಿಡ್ಡನ್ನು ಹಿಡಿಯುವುದು ಹೇಗೆ? ನೀವು ಲಂಗಕ್ಕೆ ಲಾಡಿ ಏರಿಸಿದ್ದೀರಿ. ಸೊಂಟದ ಮಡಿಕೆಯೊಳಗೆ ಲಾಡಿಯ ಉದ್ದವೆಲ್ಲ ಅಡಗುತ್ತದೆ, ಹೊರಗೆ ಕಾಣುವುದು ಗಂಟು ಮಾತ್ರ. ಸಿ.ಡಿ.1 ಅಣುವಿನಲ್ಲೂ ಹಾಗೆ ಸುರಂಗದಂಥ ಪೊಳ್ಳುಗಳಿವೆ. 2002ರಲ್ಲಿ 'ಬಿ' ಬಗೆಯ ರಚನೆಯನ್ನು ಬಿಡಿಸಿ ನೋಡಿದಾಗ ಒಂದಕ್ಕೊಂದು ಕೂಡಿದ ಸುರಂಗಗಳು ಕಂಡವು, ಅಷ್ಟು ಉದ್ದದ ಮೇಣದ ಸರವನ್ನೂ ಸುತ್ತಿ ಒಳಗಿಡಲು ಸಾಕಾಗುವಷ್ಟು. ಜಿಡ್ಡಿನ ಬಾಲ ಒಳಗೆ, ತಲೆ ಹೊರಗೆ. ಟಿ ಕೋಶ ಬಂದು ಮುಟ್ಟಿ ನೋಡುವುದು ಆ ತಲೆಯನ್ನು, ಅಂದರೆ ಗಂಟನ್ನು.

ಎಷ್ಟು ಸೂಕ್ಷ್ಮವಾಗಿ ನೋಡುತ್ತದೆ ಗೊತ್ತೇ? ಟಿ.ಬಿ. ಕುಟುಂಬದ ರೋಗಾಣುಗಳು ಮೇಣದ ಒಂದು ಪಾಲಿಗೆ ಗ್ಲೂಕೋಸ್ ಸಕ್ಕರೆಯ ತಲೆ ಕೂಡಿಸುತ್ತವೆ. ಅದನ್ನು ಗುರುತಿಸುವ ಟಿ ಕೋಶಗಳ ಮುಂದೆ, ಬ್ರಾಂಚ್ ಮೂಡಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1997ರಲ್ಲಿ, ಅದೇ ಮೇಣಕ್ಕೆ ಗ್ಲೂಕೋಸಿನ ಒಡಹುಟ್ಟಿದಂಥ ಬೇರೆ ಸಕ್ಕರೆ ಕೂಡಿಸಿ ಇಟ್ಟರು. ಟಿ ಕೋಶ ತಿರುಗಿಯೂ ನೋಡಲಿಲ್ಲ. ಮುಂದೆ 2000ದಲ್ಲಿ ತಿಳಿದ ಸಂಗತಿ ನನಗೆ ಇನ್ನೂ ಇಷ್ಟ. ಆ ಗ್ಲೂಕೋಸನ್ನು ರೋಗಾಣು ಎಲ್ಲಿಂದ ತರುತ್ತದೆ? ತಾನು ಹೊಕ್ಕ ದೇಹದಿಂದಲೇ. ನಮ್ಮ ಮನೆಯ ಸಕ್ಕರೆ ಕದ್ದು ತನ್ನ ಕೋಟಿಗೆ ಹಚ್ಚಿಕೊಳ್ಳುತ್ತದೆ, ಆ ಕದ್ದ ಮಾಲಿನಿಂದಲೇ ಸಿಕ್ಕಿಬೀಳುತ್ತದೆ.

ಎಚ್ಚರಗೊಂಡ ಟಿ ಕೋಶಗಳು ಎರಡು ಕೆಲಸ ಮಾಡುತ್ತವೆ. ಕೆಲವು ಇಂಟರ್‌ಫೆರಾನ್ ಎಂಬ ಸಂದೇಶ ಕಳಿಸಿ, ರೋಗಾಣುವನ್ನು ನುಂಗಿ ಸುಮ್ಮನೆ ಕುಳಿತ ಭಕ್ಷಕ ಕೋಶಕ್ಕೆ ಶಕ್ತಿ ತುಂಬುತ್ತವೆ. ಕೆಲವು ರೋಗ ಹೊಕ್ಕ ಕೋಶವನ್ನೇ ನೇರವಾಗಿ ಕೊಲ್ಲುತ್ತವೆ. ಪೂರಾ ಕೊಲ್ಲಲಾಗದಿದ್ದರೆ ಎಲ್ಲ ಕೋಶಗಳೂ ಸೇರಿ ರೋಗಾಣುವಿನ ಸುತ್ತ ಗಂಟು ಕಟ್ಟಿ ಸೆರೆಯಲ್ಲಿಡುತ್ತವೆ. ಹೀಗಾಗಿ ರೋಗಾಣು ಮೈ ಸೇರಿದ 10 ಜನರಲ್ಲಿ ಸುಮಾರು 9 ಜನರಿಗೆ ಜೀವಮಾನವಿಡೀ ಕಾಯಿಲೆ ಬರುವುದಿಲ್ಲ. ಆ ಸೆರೆಮನೆಯ ಗೋಡೆ ಎಂದು ಸಡಿಲಾಗುತ್ತದೋ ಅಂದು ಮಲಗಿದ್ದ ರೋಗಾಣು ಏಳುತ್ತದೆ.

ಕುಷ್ಠರೋಗದ ರೋಗಾಣುವೂ ಇದೇ ಮೇಣದ ಕುಟುಂಬದ್ದು. ಕುಷ್ಠದ ಮಚ್ಚೆಗಳ ಚರ್ಮ ಪರೀಕ್ಷಿಸಿದಾಗ, ಒಂದೆರಡೇ ಮಚ್ಚೆ ಇದ್ದು ರೋಗ ಹತೋಟಿಯಲ್ಲಿದ್ದವರಲ್ಲಿ ಸಿ.ಡಿ.1 ಹೊತ್ತ ಕಾವಲು ಕೋಶಗಳು ಸಾಕಷ್ಟು ಕಂಡವು. ಮೈತುಂಬ ಹರಡಿದವರಲ್ಲಿ ಬಹಳ ಕಡಿಮೆ. ಒಂದೇ ರೋಗಾಣು ಒಬ್ಬರಿಗೆ ಒಂದು ಮಚ್ಚೆ, ಇನ್ನೊಬ್ಬರಿಗೆ ಕೈಬೆರಳು ಹೋಗುವಷ್ಟು ಕಷ್ಟ ಕೊಡುವುದು ಪಾಪ-ಕರ್ಮದಿಂದಲ್ಲ. ಇದನ್ನು ನಮ್ಮ ಊರುಗಳಲ್ಲಿ ಇನ್ನೂ ಹೇಳಬೇಕಾಗಿದೆ, ಬೇಸರದ ಸಂಗತಿ.

ತೋಳಿನ ಕಲೆ

ಈಗ ಆ ತಾಯಿಯ ಪ್ರಶ್ನೆ. ತೋಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯನ್ನು ಮೊದಲು ಮಗುವಿಗೆ ಕೊಟ್ಟದ್ದು 1921ರಲ್ಲಿ, ಪ್ಯಾರಿಸ್ಸಿನಲ್ಲಿ. ನೂರು ವರ್ಷ ಕಳೆದರೂ ಎಲ್ಲ ಕಡೆ ಬಳಕೆಯಲ್ಲಿರುವ ಟಿ.ಬಿ. ಲಸಿಕೆ ಅದೊಂದೇ. ಅದು ಚಿಕ್ಕ ಮಕ್ಕಳನ್ನು ಮಿದುಳಿಗೆ ಹತ್ತುವ ಟಿ.ಬಿ.ಯಿಂದ, ಮೈಯೆಲ್ಲ ಹರಡುವ ಟಿ.ಬಿ.ಯಿಂದ ಕಾಪಾಡುತ್ತದೆ. ಆದ್ದರಿಂದ ಹುಟ್ಟಿದ ಕೂಸಿಗೆ ಹಾಕಿಸಲೇಬೇಕು, ತಪ್ಪಿಸಬೇಡಿ. ಆದರೆ ದೊಡ್ಡವರಾದ ಮೇಲೆ ಬರುವ ಶ್ವಾಸಕೋಶದ ಟಿ.ಬಿ.ಯನ್ನು ಅದು ತಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಿಂದ ದೊಡ್ಡ ಪರೀಕ್ಷೆ ನಡೆಸಿದಾಗ ದೊಡ್ಡವರಿಗೆ ರಕ್ಷಣೆ ಕಾಣಲಿಲ್ಲ. ಆ ಮಗಳ ತಾಯಿ ಏನೂ ತಪ್ಪು ಮಾಡಿಲ್ಲ.

ಹೊಸ ಲಸಿಕೆಗೆ ಈ ಮೇಣದ ವಿಷಯ ಸಹಾಯವಾದೀತೇ? ಆಸೆ ಇದೆ. ಪ್ರೋಟೀನಿನ ತಟ್ಟೆ ಒಬ್ಬೊಬ್ಬರದ್ದು ಒಂದೊಂದು ಆಕಾರ ಎಂದೆನಲ್ಲ, ಸಿ.ಡಿ.1 ಹಾಗಲ್ಲ. ಸೇಡಂನವರದ್ದೂ ಬಾಸ್ಟನ್ನಿನವರದ್ದೂ ಹೆಚ್ಚುಕಡಿಮೆ ಒಂದೇ. ಮೇಣವನ್ನು ತೋರಿಸುವ ಲಸಿಕೆ ಮಾಡಿದರೆ ಎಲ್ಲರ ದೇಹವೂ ಒಂದೇ ರೀತಿ ಓದೀತು ಎಂಬ ಲೆಕ್ಕ. ತೊಡಕೂ ಇದೆ. ಪ್ರಯೋಗಶಾಲೆಯ ಇಲಿಗಳಲ್ಲಿ ಸಿ.ಡಿ.1ರ ಎ, ಬಿ, ಸಿ ಬಗೆಗಳೇ ಇಲ್ಲ, ಅದರಿಂದ ಪರೀಕ್ಷೆ ನಿಧಾನ. ಗಿನಿಪಿಗ್‌ಗಳಲ್ಲಿ ಅಂಥ ಅಣುಗಳಿವೆ, ಅವುಗಳಿಗೆ ಜಿಡ್ಡಿನ ಲಸಿಕೆ ಕೊಟ್ಟಾಗ ಶ್ವಾಸಕೋಶದ ಹಾನಿ ಸ್ವಲ್ಪ ಕಡಿಮೆಯಾದದ್ದು ಕಂಡಿದೆ. ಜನರಿಗೆ ಕೊಡುವಂಥ ಜಿಡ್ಡಿನ ಲಸಿಕೆ ಇನ್ನೂ ಬಂದಿಲ್ಲ. ಯಾರಾದರೂ ಊರಿಗೆ ಬಂದು "ಟಿ ಕೋಶ ಹೆಚ್ಚಿಸುವ ಪುಡಿ" ಎಂದು ಮಾರಿದರೆ ಸಂಘದ ದುಡ್ಡು ಕೊಡಬೇಡಿ.

ಎರಡು ತಿಂಗಳು ಸಾಲದು, ಯಾಕೆ?

ಲಸಿಕೆ ಬರುವವರೆಗೆ ಆ ಮೇಣವನ್ನು ಒಡೆಯುವ ಆಯುಧ ನಮ್ಮ ಕೈಯಲ್ಲೇ ಇದೆ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುವ ಗುಳಿಗೆಯಲ್ಲಿ ಐಸೋನಿಯಾಜಿಡ್ ಎಂಬ ಔಷಧಿ ಇರುತ್ತದೆ. 1952ರಿಂದ ಟಿ.ಬಿ.ಗೆ ಬಳಸುತ್ತಿದ್ದಾರೆ. ಅದು ಮಾಡುವ ಕೆಲಸ ಏನು ಗೊತ್ತೇ? ರೋಗಾಣು ಮೈಕೋಲಿಕ್ ಆಮ್ಲ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಮೇಣವಿಲ್ಲದೆ ರೋಗಾಣು ಸಾಯುತ್ತದೆ. ಎಥಾಂಬ್ಯುಟಾಲ್ ಎಂಬ ಇನ್ನೊಂದು, ಆ ಮೇಣ ಅಂಟಿಕೊಳ್ಳುವ ಗೋಡೆಯನ್ನು ಕಟ್ಟಲು ಬಿಡುವುದಿಲ್ಲ.

ಆದರೆ ಹೊಸ ಕೋಟು ಹೊಲಿಯುವವನನ್ನು ಹಿಡಿಯಬಹುದು, ಮಲಗಿದವನನ್ನು? ಬೇರೆ ಎಷ್ಟೋ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಒಂದು ಎರಡಾದರೆ, ಟಿ.ಬಿ. ರೋಗಾಣುವಿಗೆ ಸುಮಾರು 20 ಗಂಟೆ ಬೇಕು. ಕೆಲವಂತೂ ಬೆಳೆಯದೆ ಸುಮ್ಮನೆ ಮಲಗಿರುತ್ತವೆ, ಮೇಣ ತಯಾರಿಸುವುದೇ ಇಲ್ಲ. ಐಸೋನಿಯಾಜಿಡ್ ಅವುಗಳಿಗೆ ಅಷ್ಟಾಗಿ ತಾಗುವುದಿಲ್ಲ. ಅವುಗಳಿಗಾಗಿ ರಿಫಾಂಪಿಸಿನ್ (ಮೂತ್ರ ಕೆಂಪಗೆ ಹೋಗುವುದು ಇದರಿಂದ, ರಕ್ತವಲ್ಲ, ಹೆದರಬೇಡಿ) ಮತ್ತು ಪೈರಾಜಿನಮೈಡ್ ಬೇಕು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು. ಎರಡು ತಿಂಗಳಿಗೆ ಕೆಮ್ಮು ನಿಲ್ಲುವುದು ಓಡಾಡುವ ರೋಗಾಣು ಸತ್ತದ್ದರಿಂದ. ಅಲ್ಲಿಗೇ ಬಿಟ್ಟರೆ ಉಳಿದವು ಎದ್ದು ಬರುತ್ತವೆ, ನುಂಗುತ್ತಾ ಬಿಡುತ್ತಾ ಹೋದರೆ ಔಷಧಿಗೆ ಬಗ್ಗದವೇ ಉಳಿದು ಹೆಚ್ಚುತ್ತವೆ. ನಾನು ಹೇಳಿದ ಆ ಸದಸ್ಯೆಗೆ ಆದದ್ದು ಇದು.

ಹೊಟ್ಟೆ ತೊಳಸಿದರೆ ನೀವೇ ನಿಲ್ಲಿಸಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ, ಡಾಕ್ಟರು ದಾರಿ ಹೇಳುತ್ತಾರೆ. ಕಣ್ಣು ಹಳದಿಯಾದರೆ, ನೋಟ ಮಂಜಾದರೆ ಅದೇ ದಿನ ದವಾಖಾನೆಗೆ ಹೋಗಿ.

ಕಲ್ಲಿನ ದೂಳು, ತೊಗರಿ ಬೇಳೆ

ಸೆರೆಮನೆಯ ಗೋಡೆ ಸಡಿಲಾಗುವುದು ಯಾವಾಗ? ಸಕ್ಕರೆ ಕಾಯಿಲೆಯಲ್ಲಿ, ಎಚ್.ಐ.ವಿ.ಯಲ್ಲಿ (ಅದು ಟಿ ಕೋಶಗಳನ್ನೇ ಕೊಲ್ಲುತ್ತದೆ), ಬೀಡಿ-ಸಾರಾಯಿಯಲ್ಲಿ. ನಮ್ಮ ಭಾಗದಲ್ಲಿ ಇನ್ನೆರಡು ಮಾತು ಒತ್ತಿ ಹೇಳಬೇಕು.

ಒಂದು, ದೂಳು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಲ್ಲ ಕಲ್ಲಿನ ನಾಡು. ಕಲ್ಲು ಒಡೆಯುವಾಗ, ಕೊರೆಯುವಾಗ, ಪಾಲಿಶ್ ಮಾಡುವಾಗ ಏಳುವ ದೂಳಿನಲ್ಲಿ ಸಿಲಿಕಾ ಇದ್ದರೆ ಭಕ್ಷಕ ಕೋಶ ಅದನ್ನೂ ನುಂಗುತ್ತದೆ, ನುಂಗಿ ತಾನೇ ಸಾಯುತ್ತದೆ. ವರ್ಷಗಟ್ಟಲೆ ಹೀಗಾಗಿ ಸಿಲಿಕೋಸಿಸ್ ಬಂದವರಿಗೆ ಟಿ.ಬಿ. ಬರುವ ಸಂಭವ ಹಲವು ಪಟ್ಟು ಹೆಚ್ಚು. ಟಿ ಕೋಶ ಎಷ್ಟೇ ಕೂಗಿ ಎಬ್ಬಿಸಿದರೂ ನುಂಗುವ ಕೋಶವೇ ಸತ್ತಿದ್ದರೆ ಏನು ಪ್ರಯೋಜನ? ಕಲ್ಲಿನ ಮೇಲೆ ನೀರು ಬಿಟ್ಟು ಕೆಲಸ ಮಾಡಿದರೆ ದೂಳು ಬಹಳ ಕಡಿಮೆ. ಸೆರಗು ಕಟ್ಟಿಕೊಂಡರೆ ಸಾಲದು, ಸಣ್ಣ ದೂಳು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ನೀರು ಮತ್ತು ಒಳ್ಳೆಯ ಮಾಸ್ಕ್ ಕೊಡಬೇಕಾದವರು ಮಾಲೀಕರು. ಒಬ್ಬಳೇ ಕೇಳಿದರೆ ಕೂಲಿ ಹೋಗುತ್ತದೆ, ಸಂಘವೇ ಹೋಗಿ ಕೇಳಬೇಕು.

ಇನ್ನೊಂದು, ಊಟ. ಹೊಟ್ಟೆಗಿಲ್ಲದ ದೇಹದಲ್ಲಿ ಟಿ ಕೋಶಗಳೂ ಬಡಕಲು. ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ತಂಡ ಜಾರ್ಖಂಡಿನಲ್ಲಿ ಒಂದು ಅಧ್ಯಯನ ಮಾಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಟಿ.ಬಿ. ರೋಗಿಗಳ ಮನೆಯ 10,000ಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿನವರಿಗೆ ತಿಂಗಳು ತಿಂಗಳು ಅಕ್ಕಿ-ಬೇಳೆ ಕೊಟ್ಟರು. ಆ ಗುಂಪಿನಲ್ಲಿ ಹೊಸದಾಗಿ ಟಿ.ಬಿ. ಬಂದದ್ದು ಶೇಕಡಾ 39ರಷ್ಟು ಕಡಿಮೆ! ಔಷಧಿಯಲ್ಲ, ಅಕ್ಕಿ ಮತ್ತು ಬೇಳೆ. ತೊಗರಿ ಬೆಳೆದು ದೇಶಕ್ಕೆ ಕೊಡುವವರು ನಾವು, ನಮ್ಮ ಮನೆಯಲ್ಲಿ ಕೊನೆಗೆ ಉಂಡವಳ ತಾಟಿನಲ್ಲಿ ಬೇಳೆ ಎಷ್ಟಿರುತ್ತದೆ, ನೀವೇ ನೋಡಿ. ಚಿಕಿತ್ಸೆಯಲ್ಲಿರುವವರಿಗೆ ಊಟಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಪಾಸ್‌ಬುಕ್ ಸರಿ ಇದೆಯೇ, ಹಣ ಬಂತೇ ಎಂದು ನೋಡುವುದು ಸಂಘದವರಿಗೆ ಹೊಸ ಕೆಲಸವೇನಲ್ಲ.

ಸಭೆಯಲ್ಲಿ ಮಾತಾಡಲು

ನಾನು ಎಂ.ಎಸ್.ಡಬ್ಲ್ಯೂ. ಓದುವಾಗ ಮನಸ್ಸಿಗೆ ನಾಟಿದ ಒಂದು ಅಧ್ಯಯನ ಇದೆ. 1959ರಲ್ಲಿ ಶುರುವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನು ಮನೆಗೆ ಹೋಗಿ ಮಾತಾಡಿಸಿ 1963ರಲ್ಲಿ ಪ್ರಕಟಿಸಿದ್ದು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ದವಾಖಾನೆಗೆ ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ನೋಡಿದರೆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ದವಾಖಾನೆಗೆ ಹೋಗಿ, ಕೆಮ್ಮಿನ ಔಷಧಿ ಹಿಡಿದು ವಾಪಸು ಬಂದಿದ್ದರು. ಆದ್ದರಿಂದ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬರೀ ಔಷಧಿ ಬಾಟಲಿ ತೆಗೆದುಕೊಂಡು ಬರಬೇಡಿ. "ಕಫ ಪರೀಕ್ಷೆ ಮಾಡ್ರಿ" ಎಂದು ಬಾಯಿಬಿಟ್ಟು ಕೇಳಿ. ಮನೆಯಲ್ಲಿ ರೋಗಿ ಇದ್ದರೆ ಉಳಿದವರಿಗೂ ಪರೀಕ್ಷೆ, ಬೇಕಾದವರಿಗೆ ಮುಂಜಾಗ್ರತೆಯ ಗುಳಿಗೆ ಪುಕ್ಕಟೆ ಸಿಗುತ್ತದೆ, ಅದನ್ನೂ ಕೇಳಿ.

ಓದಿ ಮುಗಿದ ಮೇಲೆ ಇಷ್ಟು ಮಾತಾಡಿಕೊಳ್ಳಿ: ಎರಡು ತಿಂಗಳಿಗೆ ಕೆಮ್ಮು ನಿಂತವರಿಗೆ ಮುಂದಿನ ನಾಲ್ಕು ತಿಂಗಳು ಯಾಕೆ ಎಂದು ನಿಮ್ಮ ಮಾತಿನಲ್ಲಿ ಯಾರು ಹೇಳಬಲ್ಲಿರಿ? ನಿಮ್ಮ ಸಂಘದಲ್ಲಿ ದೂಳಿನ ಕೆಲಸಕ್ಕೆ ಹೋಗುವವರು ಎಷ್ಟು ಜನ, ಅಲ್ಲಿ ನೀರಿನ ವ್ಯವಸ್ಥೆ ಇದೆಯೇ? ಗುಳಿಗೆ ನುಂಗುತ್ತಿರುವ ಸದಸ್ಯೆ ಒಪ್ಪಿದರೆ, ಈ ವಾರ ಅವರ ಮನೆಗೆ ಹೋಗಿ ಬರುವವರು ಯಾರು?